9.6, 16, 29: ದೊಡ್ಡಮ್ಮನ ಉಸಿರಿನ ಲೆಕ್ಕ

ನಮ್ಮ ದೊಡ್ಡಮ್ಮನಿಗೆ 58 ವರ್ಷ. ಊರು ತಿಪಟೂರಿನ ಹತ್ತಿರ. ತೆಂಗಿನ ತೋಟ, ಎರಡು ಹಸು, ಕಿವಿ ಮಂದವಾಗಿರುವ ದೊಡ್ಡಪ್ಪ. ಮೂರು ವರ್ಷದಿಂದ ಅವರದ್ದು ಒಂದೇ ಮಾತು. "ರಾತ್ರಿಯೆಲ್ಲ ಮಲಗೇ ಇರ್ತೀನಿ ಕಣೇ. ಬೆಳಿಗ್ಗೆ ಎದ್ರೆ ಮಾತ್ರ ಇಡೀ ರಾತ್ರಿ ರಾಗಿ ಬೀಸಿದಂಗಿರುತ್ತೆ ಮೈ." ಎದ್ದ ಕೂಡಲೇ ತಲೆನೋವು. ಹತ್ತು ಗಂಟೆ ಹೊತ್ತಿಗೆ ತಾನಾಗೇ ಹೋಗುತ್ತದೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳಬೇಕು. ಬಿಪಿಗೆ ಮೂರು ಬಗೆಯ ಮಾತ್ರೆ ನುಂಗಿದರೂ ಮೇಲಿನ ಅಂಕಿ 150ರ ಆಸುಪಾಸಿನಲ್ಲೇ.

ಸಕ್ಕರೆ ನೋಡಿದರು, ಸರಿ ಇತ್ತು. ಥೈರಾಯ್ಡ್ ನೋಡಿದರು, ಮೂತ್ರ ನೋಡಿದರು. ರಕ್ತ ಸ್ವಲ್ಪ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ಮುಟ್ಟು ನಿಂತ ಮೇಲೆ ಹೀಗೆಲ್ಲ ಆಗುತ್ತದೆ ಅಂದರು. ಕೊನೆಗೆ ಒಂದು ನಿದ್ದೆ ಮಾತ್ರೆಯೂ ಬಂತು. ಅದನ್ನು ನುಂಗಿದ ಮರುದಿನ ಬೆಳಗಿನ ತಲೆನೋವು ಇನ್ನೂ ಜಾಸ್ತಿ. ನಾಲ್ಕೇ ದಿನಕ್ಕೆ ಅವರೇ ಬಿಟ್ಟರು. ಒಳ್ಳೆಯದೇ ಮಾಡಿದರು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ನಾನು ಬೆಂಗಳೂರಿನ ಒಂದು ಸ್ಲೀಪ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹನ್ನೊಂದು ವರ್ಷದಿಂದ ಬೇರೆಯವರ ತಲೆಗೆ ವೈರ್ ಅಂಟಿಸಿ, ರಾತ್ರಿಯೆಲ್ಲ ಅವರ ಉಸಿರು ನೋಡುತ್ತಾ ಕೂರುವುದೇ ನನ್ನ ಕೆಲಸ. ಆದರೂ ಹಬ್ಬಕ್ಕೆ ಹೋದಾಗಲೆಲ್ಲ ದೊಡ್ಡಮ್ಮನ ಈ ದೂರು ಕೇಳಿ, "ಸ್ವಲ್ಪ ರೆಸ್ಟ್ ತಗೊಳ್ಳಿ" ಅಂದು ಹೋಳಿಗೆ ತಿಂದು ಬಂದಿದ್ದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ, ಅಂದರೆ ಸ್ಲೀಪ್ ಅಪ್ನಿಯಾ, ಅದಕ್ಕೆ ನನ್ನ ತಲೆಯಲ್ಲಿ ಒಂದು ಮುಖ ಇತ್ತು. ದಪ್ಪ ಕತ್ತು, ದೊಡ್ಡ ಹೊಟ್ಟೆ, ಬಸ್ಸಿನಲ್ಲಿ ಕೂತಲ್ಲೇ ಗೊರಕೆ ಹೊಡೆಯುವ ಗಂಡಸು. ಹಟ್ಟಿ ಗುಡಿಸಿ, ಅಡಿಗೆ ಮಾಡಿ, ಮಧ್ಯಾಹ್ನವೂ ಕೂರದ ಹೆಂಗಸು ಆ ಚಿತ್ರದಲ್ಲಿ ಇರಲಿಲ್ಲ.

ಕಂಡುಹಿಡಿದವಳು ಮೊಮ್ಮಗಳು, ಏಳನೇ ಕ್ಲಾಸಿನವಳು. ಬೇಸಿಗೆ ರಜೆಗೆ ಹೋಗಿ ಅಜ್ಜಿಯ ಪಕ್ಕ ಮಲಗಿದ್ದಳು. ಮೂರನೇ ದಿನ ನನಗೆ ಫೋನ್. "ಚಿಕ್ಕಮ್ಮ, ಅಜ್ಜಿ ನಿದ್ದೇಲಿ ಉಸಿರಾಡೋದೇ ಮರೆತುಬಿಡ್ತಾರೆ. ಆಮೇಲೆ ಬಾವಿಯಿಂದ ಎದ್ದುಬಂದಂಗೆ ಎಳ್ಕೋತಾರೆ." ಒಂದು ವಿಡಿಯೋ ಕೂಡ ಕಳಿಸಿದಳು. ಒಂದು ನಿಮಿಷ ಐವತ್ತು ಸೆಕೆಂಡ್. ಕತ್ತಲೆಯಲ್ಲಿ ಏನೂ ಕಾಣದು, ಸದ್ದು ಮಾತ್ರ. ಗೊರಕೆ, ಗೊರಕೆ, ಆಮೇಲೆ ಮೌನ. ಗಡಿಯಾರ ಇಟ್ಟುಕೊಂಡು ಎಣಿಸಿದೆ. ಮೊದಲ ಮೌನ 26 ಸೆಕೆಂಡ್. ಎರಡನೆಯದು 31. ಹತ್ತು ಸೆಕೆಂಡ್ ದಾಟಿದರೆ ನಮ್ಮ ಲೆಕ್ಕದಲ್ಲಿ ಅದು ಅಪ್ನಿಯಾ, ಅಂದರೆ ಉಸಿರು ನಿಂತ ಒಂದು ಸಲ.

ಪ್ರಶ್ನೆಗಳಿಗೆ ಸಿಗದ ಹೆಂಗಸು

ಮೊದಲು ಕಾಗದದ ಪರೀಕ್ಷೆ. ಈ ಕಾಯಿಲೆ ಇರುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡಲು ಸ್ಟಾಪ್-ಬ್ಯಾಂಗ್ ಅಂತ ಒಂದು ಪಟ್ಟಿ ಇದೆ. ಟೊರಾಂಟೊದ ಅರಿವಳಿಕೆ ವೈದ್ಯೆ ಫ್ರಾನ್ಸಿಸ್ ಚುಂಗ್ ಮತ್ತು ಅವರ ತಂಡ ಮಾಡಿದ್ದು. ಎಂಟು ಪ್ರಶ್ನೆ, ಒಂದೊಂದಕ್ಕೆ ಒಂದು ಅಂಕ: ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35 ದಾಟಿದೆಯಾ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ದಾಟಿದೆಯಾ, ಗಂಡಸಾ.

ದೊಡ್ಡಮ್ಮನ ಎತ್ತರ 152 ಸೆಂಟಿಮೀಟರ್, ತೂಕ 71 ಕಿಲೋ. ಬಿಎಂಐ 30.7, ಅಂಕ ಇಲ್ಲ. ಕತ್ತು 37, ಅಂಕ ಇಲ್ಲ. ಹೆಂಗಸು, ಅಂಕ ಇಲ್ಲ. ಗೊರಕೆ ಹೊಡೀತಾರಾ ಅಂತ ದೊಡ್ಡಪ್ಪನನ್ನು ಕೇಳಿದರೆ, "ನಂಗೇನೂ ಕೇಳ್ಸಲ್ಲಪ್ಪ" ಅಂದರು. ನಿಜ. ಅವರಿಗೆ ಪಕ್ಕದ ಮನೆಯ ಲೌಡ್‌ಸ್ಪೀಕರೂ ಕೇಳಿಸುವುದಿಲ್ಲ. ದಣಿವು, ಬಿಪಿ, ವಯಸ್ಸು ಸೇರಿ ಒಟ್ಟು 3. ಅಂದರೆ ನಡು ಅಪಾಯ. ಮೊಮ್ಮಗಳ ಸಾಕ್ಷಿ ಸೇರಿಸಿದ ಮೇಲೆ ಗೊರಕೆಗೆ ಒಂದು, ನೋಡಿದವರಿದ್ದಾರೆ ಎಂಬುದಕ್ಕೆ ಇನ್ನೊಂದು. 5 ಆಯಿತು. ಐದರಿಂದ ಮೇಲೆ ಹೆಚ್ಚಿನ ಅಪಾಯ. ಒಂದು ಮಗು ಪಕ್ಕದಲ್ಲಿ ಮಲಗಿದ್ದಕ್ಕೆ ದೊಡ್ಡಮ್ಮ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರಿದರು.

ಇನ್ನೊಂದು, ಎಪ್‌ವರ್ತ್ ಪಟ್ಟಿ. ಮೆಲ್ಬರ್ನಿನ ಮರ್ರೆ ಜಾನ್ಸ್ 1991ರಲ್ಲಿ ಮಾಡಿದ್ದು. ಎಂಟು ಸನ್ನಿವೇಶ ಕೊಟ್ಟು, ಅಲ್ಲಿ ತೂಕಡಿಕೆ ಬರುತ್ತದಾ ಅಂತ ಸೊನ್ನೆಯಿಂದ ಮೂರರವರೆಗೆ ಅಂಕ ಕೇಳುತ್ತಾರೆ. ಒಟ್ಟು 24. ಹತ್ತು ದಾಟಿದರೆ ಹಗಲು ನಿದ್ದೆ ಜಾಸ್ತಿ ಅಂತ ಅರ್ಥ. ಕೂತು ಓದುವಾಗ? ಓದುವುದಿಲ್ಲ. ಟಿವಿ ನೋಡುವಾಗ? "ಸೊಪ್ಪು ಬಿಡಿಸ್ತಾ ನೋಡ್ತೀನಿ." ಮಧ್ಯಾಹ್ನ ಊಟ ಆದ ಮೇಲೆ ಸುಮ್ನೆ ಕೂತಾಗ? ದೊಡ್ಡಮ್ಮ ನಕ್ಕರು. "ಕೂತ್ರೆ ತಾನೇ ಕಣೇ ತೂಕಡ್ಸೋದು?" ಬಂದ ಅಂಕ 7. ಕಾಗದದ ಪ್ರಕಾರ ಅವರಿಗೆ ಹಗಲು ನಿದ್ದೆಯ ಸಮಸ್ಯೆ ಇಲ್ಲ. ಕೂರುವ ಪುರುಸೊತ್ತು ಇರುವವರಿಗೆ ಮಾಡಿದ ಪ್ರಶ್ನೆಗಳಲ್ವಾ?

ಅಷ್ಟರಲ್ಲಿ ನ್ಯೂಜೆರ್ಸಿಯಿಂದ ಅಣ್ಣನ ಫೋನ್. ದೊಡ್ಡಮ್ಮನ ದೊಡ್ಡ ಮಗ. "ಒಂದು ವಾಚ್ ಕಳಿಸ್ತೀನಿ, ಈಗ ಅದೇ ಹೇಳುತ್ತಲ್ಲ." ಹೇಳುತ್ತದೆ, ಸುಳ್ಳಲ್ಲ. 2024ರ ಸೆಪ್ಟೆಂಬರಿನಲ್ಲಿ ಆಪಲ್ ವಾಚಿನ ಇಂಥ ಸೂಚನೆಗೆ ಔಷಧಿ, ವೈದ್ಯಕೀಯ ಸಾಧನಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಉಸಿರು ತೊಡಕಾದಾಗ ಮಣಿಕಟ್ಟಿನಲ್ಲಿ ಆಗುವ ಸಣ್ಣ ಅಲುಗಾಟವನ್ನು ಅದು ಹಿಡಿಯುತ್ತದೆ, ಮೂವತ್ತು ದಿನದ ರಾತ್ರಿಗಳನ್ನು ಒಟ್ಟಿಗೆ ನೋಡಿ ಎಚ್ಚರಿಕೆ ಕೊಡುತ್ತದೆ. ಆದರೆ ಅದು ಹುಡುಕುವುದು ಮಧ್ಯಮ ಮತ್ತು ತೀವ್ರ ಮಟ್ಟದ ಗುರುತುಗಳನ್ನು. ಎಚ್ಚರಿಕೆ ಬರಲಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ. ನಮ್ಮ ಕೈಯಲ್ಲಿ ಆಗಲೇ ಎಚ್ಚರಿಕೆ ಇತ್ತು, ಏಳನೇ ಕ್ಲಾಸಿನದು. ವಾಚ್ ಬೇಡ ಅಂದೆ.

ಮನೆಯ ರಾತ್ರಿ: 9.6

ಬೆಂಗಳೂರಿಗೆ ಬನ್ನಿ ಅಂದರೆ ಹಸು ಯಾರು ನೋಡ್ತಾರೆ ಅನ್ನುವ ಪ್ರಶ್ನೆ. ಹಾಗಾಗಿ ಮೊದಲು ಹತ್ತಿರದ ಒಂದು ಸೆಂಟರಿನಿಂದ ಮನೆಯಲ್ಲೇ ಕಟ್ಟಿಕೊಳ್ಳುವ ಸಾಧನ ತರಿಸಿದೆವು. ಮೂಗಿಗೆ ಒಂದು ಕ್ಯಾನುಲಾ ಅನ್ನುವ ಸಣ್ಣ ಕೊಳವೆ, ಎದೆಗೆ ಒಂದು ಬೆಲ್ಟ್, ಬೆರಳಿಗೆ ರಕ್ತದ ಆಕ್ಸಿಜನ್ ನೋಡುವ ಪಲ್ಸ್ ಆಕ್ಸಿಮೀಟರ್, ಯಾವ ಮಗ್ಗುಲಲ್ಲಿ ಮಲಗಿದ್ದಾರೆ ಅಂತ ತಿಳಿಸುವ ಸಣ್ಣ ಸೆನ್ಸರ್. ಅಷ್ಟೇ. ತಲೆಗೆ ಏನೂ ಇಲ್ಲ.

ವರದಿ ಬಂತು. ರಾತ್ರಿ 10:15ರಿಂದ ಬೆಳಿಗ್ಗೆ 5:45, ಒಟ್ಟು ಏಳೂವರೆ ಗಂಟೆ. ಉಸಿರಿನ ತೊಡಕು 72. ಗಂಟೆಗೆ 9.6. ಐದರ ಒಳಗೆ ಇದ್ದರೆ ಸರಿ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ಮತ್ತು ಮೇಲೆ ತೀವ್ರ. ಹಾಗಾಗಿ ಸೌಮ್ಯ. ತೂಕ ಇಳಿಸಿ, ಮಗ್ಗುಲಾಗಿ ಮಲಗಿ ಅಂತ ಸಲಹೆ. ಮನೆಯವರಿಗೆಲ್ಲ ನಿರಾಳ. ದೊಡ್ಡಮ್ಮನಿಗೂ ನಿರಾಳ, ಆದರೆ ತಲೆನೋವು ಹೋಗಲಿಲ್ಲ.

ನಾನು ಮೂಲ ಗ್ರಾಫ್ ತರಿಸಿಕೊಂಡೆ. ಯಾವ ವರದಿ ಬಂದರೂ ಮೊದಲ ಪುಟ ಬಿಟ್ಟು ಗ್ರಾಫಿಗೆ ಹೋಗುವುದು ನನ್ನ ಚಾಳಿ. ಅಲ್ಲಿ ಮೂರು ಸಂಗತಿ ಕಂಡವು.

72 ತೊಡಕುಗಳು ರಾತ್ರಿಯಿಡೀ ಹರಡಿರಲಿಲ್ಲ. ಮೂರು ಗುಂಪು. ಒಂದು ಗಂಟೆ ಸುಮಾರಿಗೆ ಒಂದು ಸಣ್ಣದು, ಮೂರರ ಹೊತ್ತಿಗೆ ಅದಕ್ಕಿಂತ ದೊಡ್ಡದು, ನಾಲ್ಕೂವರೆಯಿಂದ ಐದೂ ಇಪ್ಪತ್ತರವರೆಗೆ ಎಲ್ಲಕ್ಕಿಂತ ದೊಡ್ಡದು. ಆ ಕೊನೆಯ ಐವತ್ತು ನಿಮಿಷದಲ್ಲೇ 33. ಒಂದೂವರೆ ನಿಮಿಷಕ್ಕೊಂದು. ರಕ್ತದ ಆಕ್ಸಿಜನ್ ಶೇ. 81ರವರೆಗೆ ಇಳಿದಿದ್ದೂ ಅಲ್ಲೇ. ಸುಮಾರು ಒಂದೂವರೆ ಗಂಟೆಗೊಮ್ಮೆ ಬಂದು, ಬೆಳಗಾಗುತ್ತಾ ಉದ್ದವಾಗುತ್ತಾ ಹೋಗುವುದು ಯಾವುದು? ಕನಸಿನ ನಿದ್ದೆ, ನಾವು ರೆಮ್ ಅನ್ನುವುದು. ಆ ಹೊತ್ತಿನಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲ ಬೀಳುತ್ತವೆ. ಎದೆ ಹೊಟ್ಟೆಯ ನಡುವೆ ಇದ್ದು ಉಸಿರೆಳೆಯುವ ವಪೆ ಮಾತ್ರ ಕೆಲಸ ಮಾಡುತ್ತಿರುತ್ತದೆ, ಕಣ್ಣು ಓಡಾಡುತ್ತಿರುತ್ತದೆ. ಗಂಟಲನ್ನು ತೆರೆದು ಹಿಡಿಯುವ ಸ್ನಾಯು ಕೈಬಿಟ್ಟರೆ ದಾರಿ ಮುಚ್ಚಿಕೊಳ್ಳುತ್ತದೆ. ಆದರೆ ಇದು ನನ್ನ ಊಹೆ ಮಾತ್ರ. ತಲೆಗೆ ವೈರ್ ಇಲ್ಲದ ಸಾಧನಕ್ಕೆ ರೆಮ್ ಯಾವುದು, ಎಚ್ಚರ ಯಾವುದು ಒಂದೂ ತಿಳಿಯದು.

ಅಲ್ಲಿಂದ ಎರಡನೆಯದಕ್ಕೆ. ಏಳೂವರೆ ಗಂಟೆ ಅನ್ನುವುದು ಸಾಧನ ಓಡಿದ ಹೊತ್ತು, ದೊಡ್ಡಮ್ಮ ನಿದ್ದೆ ಮಾಡಿದ ಹೊತ್ತಲ್ಲ. ಮೂರು ಸಲ ಬಚ್ಚಲಿಗೆ ಹೋಗಿದ್ದಾರೆ, ಬಂದು ಸೂರು ನೋಡುತ್ತಾ ಮಲಗಿದ್ದಾರೆ. ಎಚ್ಚರದಲ್ಲಿ ಅಪ್ನಿಯಾ ಆಗುವುದಿಲ್ಲ. ಆದರೂ ಭಾಗಿಸುವಾಗ ಆ ಹೊತ್ತೂ ಸೇರಿಬಿಡುತ್ತದೆ. ಹಾಲಿಗೆ ನೀರು ಬೆರೆಸಿ ಕೊಬ್ಬು ಅಳೆದ ಹಾಗೆ.

ಮೂರನೆಯದು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿತ್ತು: ಆಕ್ಸಿಜನ್ ಶೇ. 4 ಇಳಿದ ಹೈಪಾಪ್ನಿಯಾ ಮಾತ್ರ ಎಣಿಸಲಾಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಸಿರಿನ ಹರಿವು ಶೇ. 90 ಅಥವಾ ಅದಕ್ಕಿಂತ ಜಾಸ್ತಿ ತಗ್ಗಿ ಹತ್ತು ಸೆಕೆಂಡ್ ಹಾಗೇ ಇದ್ದರೆ ಅಪ್ನಿಯಾ. ಅದರಲ್ಲಿ ತಕರಾರಿಲ್ಲ. ಪೂರ್ತಿ ನಿಲ್ಲದೆ ಕನಿಷ್ಠ ಶೇ. 30 ತಗ್ಗಿದರೆ ಹೈಪಾಪ್ನಿಯಾ. ಆದರೆ ತಗ್ಗಿದರಷ್ಟೇ ಸಾಲದು, ಅದರಿಂದ ಏನಾದರೂ ಆಗಿರಬೇಕು. ಏನು ಅನ್ನುವುದರಲ್ಲೇ ಎರಡು ಪಂಗಡ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಶಿಫಾರಸು ಮಾಡುವುದು ಆಕ್ಸಿಜನ್ ಶೇ. 3 ಇಳಿದರೆ, ಇಲ್ಲವೇ ಮಿದುಳು ಎಚ್ಚರಗೊಂಡರೆ ಎಣಿಸಿ ಅಂತ. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಶೇ. 4 ಇಳಿದರೆ ಮಾತ್ರ ಲೆಕ್ಕ ಅನ್ನುತ್ತದೆ. ಇಲ್ಲಿ ಯಾರು ಯಾವುದನ್ನು ಬಳಸುತ್ತಾರೆ ಅನ್ನುವುದು ಸಾಫ್ಟ್‌ವೇರಿನ ಸೆಟ್ಟಿಂಗ್ ನೋಡಿದರೆ ಗೊತ್ತಾಗುತ್ತದೆ. ಎಷ್ಟು ಜನ ನೋಡುತ್ತಾರೆ ಅನ್ನುವುದು ಬೇರೆ ಮಾತು.

"ಲ್ಯಾಬಿಗೆ ಬರಲೇಬೇಕು ದೊಡ್ಡಮ್ಮ" ಅಂದೆ. ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದರು.

ಲ್ಯಾಬಿನ ರಾತ್ರಿ

ತಲೆಗೆ ಎಣ್ಣೆ ಹಾಕದೆ ಬನ್ನಿ ಅಂತ ಎರಡು ಸಲ ಹೇಳಿದ್ದೆ. ತಿಪಟೂರಿನವರಿಗೆ ಇದು ಹೇಳುವ ಮಾತೇ ಅಲ್ಲ. ಬಂದಾಗ ನೆತ್ತಿ ಮಿರಮಿರ ಮಿಂಚುತ್ತಿತ್ತು. "ಒಂದೇ ಚೂರು ಹಾಕಿದೀನಿ, ಉಷ್ಣ ಆಗ್ಬಾರ್ದು ಅಂತ." ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಕೂರುವುದಿಲ್ಲ, ಬೆವರಿದರೆ ಪರದೆಯ ಗೆರೆ ತೇಲಾಡುತ್ತದೆ. ಶಾಂಪೂ ಹಾಕಿ ತೊಳೆದು, ಒಣಗಿಸಿ, ಟೇಪ್ ಹಿಡಿದು ತಲೆ ಅಳೆದು ಗುರುತು ಹಾಕುವ ಹೊತ್ತಿಗೆ ಒಂಬತ್ತೂವರೆ. ತಲೆಗೆ ಆರು ಮುಖ್ಯ ಜಾಗ, ಕಣ್ಣಿನ ಅಂಚಿಗೆ ಎರಡು, ಗದ್ದಕ್ಕೆ, ಕಾಲಿಗೆ, ಎದೆಗೆ ಇಸಿಜಿ. ಹಣೆಯ ಕುಂಕುಮ ಒರೆಸಬೇಕಾಯಿತು. ಅದಕ್ಕೆ ಅವರು ಸುಲಭಕ್ಕೆ ಒಪ್ಪಲಿಲ್ಲ, ಬೆಳಿಗ್ಗೆ ನಾನೇ ಇಡ್ತೀನಿ ಅಂತ ಮಾತು ಕೊಟ್ಟೆ. ಮೂಗುಬೊಟ್ಟು ಇದ್ದುದರಿಂದ ಕ್ಯಾನುಲಾ ಸೊಟ್ಟಗೆ ಕೂತಿತು.

ಮೂಗಿನ ಹತ್ತಿರ ಎರಡು ಸೆನ್ಸರ್ ಯಾಕೆ ಅಂತ ಕೇಳಿದರು. ಒಂದು ಶಾಖ ನೋಡುತ್ತದೆ. ಒಳಗೆ ಹೋಗುವ ಗಾಳಿ ತಂಪು, ಹೊರಗೆ ಬರುವುದು ಬೆಚ್ಚಗೆ. ಬಾಯಲ್ಲಿ ಉಸಿರಾಡಿದರೂ ಅದಕ್ಕೆ ಗೊತ್ತಾಗುತ್ತದೆ. ಪೂರ್ತಿ ನಿಂತಿತಾ ಅನ್ನುವುದಕ್ಕೆ ಅದೇ ಸಾಕ್ಷಿ. ಇನ್ನೊಂದು ಕ್ಯಾನುಲಾ, ಒತ್ತಡ ನೋಡುವುದು. ಸ್ವಲ್ಪ ತಗ್ಗಿದರೂ ಹಿಡಿಯುತ್ತದೆ, ಹಾಗಾಗಿ ಹೈಪಾಪ್ನಿಯಾಕ್ಕೆ ಅದು ಬೇಕು. ಎದೆಗೊಂದು ಹೊಟ್ಟೆಗೊಂದು ಬೆಲ್ಟ್ ಇರುವುದು ಇನ್ನೊಂದು ಕಾರಣಕ್ಕೆ. ದಾರಿ ಮುಚ್ಚಿದ್ದರೂ ಮೈ ಉಸಿರಿಗೆ ಹೆಣಗುತ್ತಿದ್ದರೆ ಎದೆ ಹೊಟ್ಟೆ ಎರಡೂ ಏತದ ಎರಡು ತುದಿಯ ಹಾಗೆ, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ಅದು ತಡೆಯ ಅಪ್ನಿಯಾ. ಎರಡೂ ಬೆಲ್ಟ್ ಸುಮ್ಮನಿದ್ದರೆ ಮಿದುಳಿನಿಂದಲೇ ಅಪ್ಪಣೆ ಬಂದಿಲ್ಲ. ಅದು ಬೇರೆ ಕಾಯಿಲೆ, ಚಿಕಿತ್ಸೆಯೂ ಬೇರೆ.

ಮಲಗುವ ಮುಂಚೆ ಸೆನ್ಸರ್ ಪರೀಕ್ಷೆ. ಪಕ್ಕದ ರೂಮಿನಿಂದ ಮೈಕಿನಲ್ಲಿ ಹೇಳುತ್ತೇವೆ: ತಲೆ ಅಲುಗಿಸದೆ ಕಣ್ಣು ಎಡಕ್ಕೆ, ಬಲಕ್ಕೆ. ಹಲ್ಲು ಕಚ್ಚಿ. ಉಸಿರು ಹಿಡೀರಿ. ಈಗ ಗೊರಕೆ ಹೊಡೆದ ಹಾಗೆ ಸದ್ದು ಮಾಡಿ. ಗೊರಕೆಯ ಮಾತು ಬಂದಾಗ ಮೌನ. ಆಮೇಲೆ ಮೈಕಿನಲ್ಲಿ, "ಥೂ, ಹೋಗೇ." ನನ್ನ ಜೊತೆಯವಳು ನಕ್ಕು ನಕ್ಕು ಸಾಕಾದಳು.

10:40ಕ್ಕೆ ದೀಪ ಆರಿಸಿದೆವು. ನಿದ್ದೆ ಬರಲು ಮುಕ್ಕಾಲು ಗಂಟೆ ಆಯಿತು. ಹೊಸ ಜಾಗ, ಹೊಸ ಹಾಸಿಗೆ, ತಲೆ ತುಂಬ ವೈರ್. ಮೊದಲ ರಾತ್ರಿ ಲ್ಯಾಬಿನಲ್ಲಿ ಯಾರಿಗೂ ಮನೆಯ ನಿದ್ದೆ ಬರುವುದಿಲ್ಲ. ಇದಕ್ಕೆ ನಮ್ಮಲ್ಲಿ ಹೆಸರೇ ಇದೆ, ಮೊದಲ ರಾತ್ರಿಯ ಪರಿಣಾಮ ಅಂತ. ವೈರಿಗೆ ಹೆದರಿ ದೊಡ್ಡಮ್ಮ ಅಂಗಾತ ಮಲಗಿದರು, ಬಹಳ ಹೊತ್ತು ಹೊರಳಲೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2:20ಕ್ಕೆ ಪರದೆಯ ಮೇಲೆ ಮೂಗಿನ ಎರಡೂ ಗೆರೆ ಚಪ್ಪಟೆ. ಸಾಫ್ಟ್‌ವೇರ್ ಒಂದರ ಮೇಲೊಂದು ಅಪ್ನಿಯಾ ಗುರುತು ಹಾಕಿತು. ಬೆಲ್ಟ್ ನೋಡಿದೆ, ಎದೆ ಹೊಟ್ಟೆ ಒಟ್ಟಿಗೇ ಏರಿ ಇಳಿಯುತ್ತಿವೆ. ಆಕ್ಸಿಜನ್ 95, ಕದಲುತ್ತಿಲ್ಲ. ಅಪ್ನಿಯಾ ಅಲ್ಲ, ಸೆನ್ಸರ್ ಜಾರಿದೆ. ಮೂಗುಬೊಟ್ಟಿನ ಮಹಿಮೆ. ಒಳಗೆ ಹೋಗಿ ಮೆಲ್ಲಗೆ ಸರಿಮಾಡಿ ಬಂದೆ. ಯಂತ್ರದ ಎಣಿಕೆಯನ್ನು ಹಾಗೇ ನಂಬಿದ್ದರೆ ಆ ಹನ್ನೊಂದು ನಿಮಿಷ ದೊಡ್ಡಮ್ಮ ಉಸಿರೇ ಆಡಿರಲಿಲ್ಲ.

4:35ರಿಂದ ರೆಮ್. ಮನೆಯ ಗ್ರಾಫಿನಲ್ಲಿ ಕಂಡ ಮೂರನೇ ಗುಂಪೇ ಇಲ್ಲಿ ಹೆಸರು ಸಮೇತ ಬಂತು. ಕಣ್ಣಿನ ಗೆರೆ ಕುಣಿಯುತ್ತಿದೆ, ಗದ್ದದ ಗೆರೆ ಸತ್ತಂತಿದೆ, ಉಸಿರು ನಿಂತಿದೆ. ಅತಿ ಉದ್ದದ್ದು 48 ಸೆಕೆಂಡ್. ಬೆರಳಿನ ಆಕ್ಸಿಮೀಟರ್ ಸ್ವಲ್ಪ ತಡವಾಗಿ ಸುದ್ದಿ ಕೊಡುತ್ತದೆ, ಯಾಕೆಂದರೆ ಶ್ವಾಸಕೋಶದ ರಕ್ತ ಬೆರಳಿನ ತುದಿಗೆ ಬರಲು ಹೊತ್ತು ಬೇಕು. ಅಪ್ನಿಯಾ ಮುಗಿದು, ದೊಡ್ಡಮ್ಮ ಉಸಿರು ಎಳೆದುಕೊಂಡ ಮೇಲೆ ಅಂಕಿ ಇಳಿಯತೊಡಗಿತು. 90, 86, 82, 78. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ಟಾಕುವೊ ಆವೊಯಾಗಿ ಬೆಳಕು ಹಾಯಿಸಿ ರಕ್ತದ ಆಕ್ಸಿಜನ್ ಅಳೆಯುವ ಈ ಉಪಾಯ ಕಂಡುಕೊಳ್ಳದಿದ್ದರೆ ನಮ್ಮ ಕೆಲಸವೇ ಇರುತ್ತಿರಲಿಲ್ಲ. ಆದರೂ ಮನೆಯವರೊಬ್ಬರ ಬೆರಳಿನಲ್ಲಿ 78 ನೋಡುವಾಗ ಯಾವ ಎಂಜಿನಿಯರೂ ನೆನಪಿಗೆ ಬರುವುದಿಲ್ಲ.

ಎಣಿಕೆ

ನಮ್ಮವರ ರೆಕಾರ್ಡ್ ನಾವೇ ಎಣಿಸಬಾರದು. ಜೊತೆಯವಳು ಎಣಿಸಿದಳು. ಮೂವತ್ತು ಸೆಕೆಂಡಿಗೆ ಒಂದು ಪುಟ, ಏಳು ಗಂಟೆಗೆ 840 ಪುಟ.

ಹಾಸಿಗೆಯಲ್ಲಿ ಇದ್ದದ್ದು 420 ನಿಮಿಷ, ನಿದ್ದೆ 312 ನಿಮಿಷ. ಅಂದರೆ 5.2 ಗಂಟೆ. ಅಪ್ನಿಯಾ 31, ಎಲ್ಲವೂ ತಡೆಯ ಬಗೆಯವು. ಹೈಪಾಪ್ನಿಯಾ 120. ಒಟ್ಟು 151. ಭಾಗಿಸಿದರೆ ಗಂಟೆಗೆ 29.

ಈಗ ಅದೇ ರಾತ್ರಿಯನ್ನು ಶೇ. 4ರ ನಿಯಮದಲ್ಲಿ ನೋಡಿ. 120 ಹೈಪಾಪ್ನಿಯಾದಲ್ಲಿ ಆಕ್ಸಿಜನ್ ಶೇ. 4 ಇಳಿದದ್ದು 52 ಮಾತ್ರ. ಇನ್ನು 28ರಲ್ಲಿ ಶೇ. 3 ಇಳಿದಿದೆ, 4 ಮುಟ್ಟಿಲ್ಲ. ಉಳಿದ 40ರಲ್ಲಿ ಆಕ್ಸಿಜನ್ ಅಷ್ಟು ಇಳಿದೇ ಇಲ್ಲ, ಮಿದುಳು ಎಚ್ಚರಗೊಂಡಿದೆ ಅಷ್ಟೇ. 31ಕ್ಕೆ 52 ಸೇರಿಸಿ 83. ಗಂಟೆಗೆ 16. ರಾತ್ರಿ ಅದೇ, ಗಂಟಲು ಅದೇ. 29 ಅಂದರೆ ತೀವ್ರದ ಹೊಸ್ತಿಲು, 16 ಅಂದರೆ ಸೌಮ್ಯದ ಪಕ್ಕದ ಮನೆ.

ಆ 40 ಯಾಕೆ ಮುಖ್ಯ ಅಂದರೆ, ದೊಡ್ಡಮ್ಮನ "ರಾಗಿ ಬೀಸಿದಂಗಿರುತ್ತೆ" ಅಲ್ಲೇ ಇದೆ. ಆಕ್ಸಿಜನ್ ಇಳಿಯುವ ಮೊದಲೇ ಮಿದುಳು ಎದ್ದು ಗಂಟಲು ತೆರೆಸುತ್ತದೆ. ಮೂರು ನಾಲ್ಕು ಸೆಕೆಂಡಿನ ಎಚ್ಚರ. ಬೆಳಿಗ್ಗೆ ನೆನಪಿರುವುದಿಲ್ಲ, ದಣಿವು ಇರುತ್ತದೆ. ಹೆಂಗಸರಲ್ಲಿ ಈ ಬಗೆಯದು ಜಾಸ್ತಿ ಕಾಣುತ್ತದೆ. ಶೇ. 4ರ ನಿಯಮ ಇವನ್ನು ಎಣಿಸುವುದೇ ಇಲ್ಲ.

ಕುತೂಹಲ ತಡೆಯಲಾಗದೆ ನಾನೂ ಎಣಿಸಿದೆ. ಜೊತೆಯವಳ ಗುರುತು ನೋಡದೆ. ನನಗೆ ಬಂದದ್ದು 158. ಗಂಟೆಗೆ 30.4. ಅಂದರೆ ತೀವ್ರ! ಏಳೇ ಏಳು ಹೈಪಾಪ್ನಿಯಾದ ವ್ಯತ್ಯಾಸ. ಮಿದುಳಿನ ಎಚ್ಚರ ಮೂರು ಸೆಕೆಂಡ್ ಇತ್ತಾ, ಎರಡೂವರೆ ಇತ್ತಾ ಅನ್ನುವ ಜಗಳ. ಇಬ್ಬರೂ ಪುಟ ತೆರೆದು ಕೂತೆವು. ಐದರಲ್ಲಿ ಅವಳ ಮಾತೇ ಸರಿ ಅನ್ನಿಸಿತು, ಎರಡರಲ್ಲಿ ಇಬ್ಬರೂ ಪಟ್ಟು ಬಿಡಲಿಲ್ಲ. ವರದಿಗೆ ಹೋದದ್ದು ಅವಳ ಲೆಕ್ಕ, 29, ಮಧ್ಯಮ. 30ರ ಗೆರೆ ನಾವು ಎಳೆದದ್ದು. ಗಂಟಲಿಗೆ ಆ ಗೆರೆ ಗೊತ್ತಿಲ್ಲ.

ಇನ್ನು ಅಂಗಾತದ ವಿಷಯ. 312 ನಿಮಿಷದ ನಿದ್ದೆಯಲ್ಲಿ 174 ನಿಮಿಷ ಅಂಗಾತ. ಅಲ್ಲಿ 116 ತೊಡಕು, ಗಂಟೆಗೆ 40. ಮಗ್ಗುಲಲ್ಲಿ 138 ನಿಮಿಷ, 35 ತೊಡಕು, ಗಂಟೆಗೆ 15. ಅಂಗಾತ ಮಲಗಿದರೆ ನಾಲಿಗೆಯ ಬುಡ ಹಿಂದಕ್ಕೆ ಬೀಳುತ್ತದೆ, ಅದು ಗೊತ್ತಿರುವುದೇ. ಆದರೆ ಮನೆಯ ಸಾಧನದ ಪ್ರಕಾರ ದೊಡ್ಡಮ್ಮ ರಾತ್ರಿಯ ಶೇ. 80 ಎಡಮಗ್ಗುಲಲ್ಲೇ ಮಲಗುತ್ತಾರೆ. ಹಾಗಾದರೆ ಲ್ಯಾಬಿನ 29 ಕೂಡ ಅವರ ದಿನದ ರಾತ್ರಿಯಲ್ಲ. ವೈರಿಗೆ ಹೆದರಿದ ರಾತ್ರಿ. ಶೇ. 80ಕ್ಕೆ 15, ಶೇ. 20ಕ್ಕೆ 40 ಹಾಕಿ ಒರಟಾಗಿ ಕೂಡಿದರೆ ಗಂಟೆಗೆ 20 ಬರುತ್ತದೆ. ಯಾವ ವರದಿಯಲ್ಲೂ ಇಲ್ಲದ ಈ 20ನ್ನೇ ನಾನು ನಂಬುತ್ತೇನೆ. ಡಾಕ್ಟರ್ ನಕ್ಕು, "ಸರಿ ಇರಬಹುದು, ಆದ್ರೆ ಬರೆಯೋಕಾಗಲ್ಲ" ಅಂದರು.

ಮನೆಯ 9.6ಕ್ಕೂ ಈಗ ಉತ್ತರ ಸಿಕ್ಕಿತು. ಆ 72ನ್ನು ಏಳೂವರೆಯ ಬದಲು 5.2 ಗಂಟೆಯಿಂದ ಭಾಗಿಸಿದರೆ 13.8. ಅಲ್ಲಿಂದ 16ಕ್ಕೆ ಬರುವ ಸ್ವಲ್ಪ ದಾರಿಗೆ ಮಲಗಿದ ಭಂಗಿಯೇ ಸಾಕು. 16ರಿಂದ 29ಕ್ಕೆ ಹೋದದ್ದು ಪೂರ್ತಿ ನಿಯಮದ ಕೆಲಸ. ಸಾಧನ ಕೆಟ್ಟದ್ದಲ್ಲ. ಅದು ಕೊಟ್ಟದ್ದು ಬೇರೆ ಪ್ರಶ್ನೆಗೆ ಉತ್ತರ.

ರೆಮ್ ನಿದ್ದೆ 52 ನಿಮಿಷ, ಅದರಲ್ಲಿ 55 ತೊಡಕು. ಗಂಟೆಗೆ 63. ಉಳಿದ ನಿದ್ದೆಯಲ್ಲಿ 22. ಈ ಅಂಕಿಯನ್ನು ಇಟ್ಟುಕೊಂಡೇ ಮುಂದಿನ ತಪ್ಪು ಸಿಕ್ಕಿತು.

2.1 ಒಳ್ಳೆಯದು, 4.4 ಇನ್ನೂ ಒಳ್ಳೆಯದು

ಡಾಕ್ಟರ್ ಸಿಪ್ಯಾಪ್ ಬರೆದುಕೊಟ್ಟರು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಐದು ರೋಗಿಗಳ ಮೇಲೆ ಮಾಡಿ ತೋರಿಸಿದ ಉಪಾಯವೇ ಇವತ್ತಿಗೂ. ಮೂಗಿನಿಂದ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದ ಹಾಗೆ ಹಿಡಿಯುವುದು. ಈಗಿನ ಯಂತ್ರ ಒತ್ತಡವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ, ರಾತ್ರಿಯ ಲೆಕ್ಕವನ್ನೂ ಕಾರ್ಡಿನಲ್ಲಿ ಬರೆದಿಡುತ್ತದೆ. ಊರಲ್ಲಿ ರಾತ್ರಿ ಕರೆಂಟ್ ಹೋಗುತ್ತದೆ ಅಂತ ಮೊದಲೇ ಇನ್ವರ್ಟರಿಗೆ ಸೇರಿಸಿದೆವು.

ಒಂದು ತಿಂಗಳ ಕಾರ್ಡ್ ಬಂತು. ಸರಾಸರಿ ಬಳಕೆ 4 ಗಂಟೆ 50 ನಿಮಿಷ. 30ರಲ್ಲಿ 23 ರಾತ್ರಿ ನಾಲ್ಕು ಗಂಟೆ ದಾಟಿದೆ. ಶೇ. 70 ರಾತ್ರಿ ನಾಲ್ಕು ಗಂಟೆ ಅನ್ನುವ ಅಮೆರಿಕದ ವಿಮೆಯ ಅಳತೆಯಲ್ಲಿ ಪಾಸು. ಯಂತ್ರ ಹೇಳಿದ ಉಳಿಕೆ ತೊಡಕು ಗಂಟೆಗೆ 2.1. ಎಲ್ಲ ಹಸಿರು ಬಣ್ಣ. ಆದರೆ ದೊಡ್ಡಮ್ಮನ ತಲೆನೋವು ಹಾಗೇ ಇತ್ತು.

ಗಂಟೆಗಂಟೆಯ ಪಟ್ಟಿ ತೆಗೆದೆ. ಪ್ರತಿ ರಾತ್ರಿ ಮೂರೂಕಾಲರ ಸುಮಾರಿಗೆ ಗೆರೆ ನಿಂತುಹೋಗಿದೆ. ಬಚ್ಚಲಿಗೆ ಏಳುವ ಹೊತ್ತು. ಮಾಸ್ಕ್ ತೆಗೆದು ಹೋಗಿ ಬಂದ ಮೇಲೆ, ಕತ್ತಲೆಯಲ್ಲಿ ಪಟ್ಟಿ ಹುಡುಕಿ ಹಾಕಿಕೊಳ್ಳುವ ಗೋಜಿಗೆ ಹೋಗುತ್ತಿರಲಿಲ್ಲ. "ಇನ್ನೆಷ್ಟೊತ್ತು ಮಲಗ್ತೀನಿ ಅಂತ." ಆ ಎಷ್ಟೊತ್ತಿನಲ್ಲೇ ಗಂಟೆಗೆ 63ರ ರೆಮ್ ಇರುವುದು. ಇರುವ ಕಾಯಿಲೆಯ ಕೆಟ್ಟ ಭಾಗ ಪೂರ್ತಿ ಹೊರಗೆ ಉಳಿದಿತ್ತು. ಮಾಸ್ಕ್ ಹಾಕದ ಹೊತ್ತನ್ನು ಯಂತ್ರ ಎಣಿಸುವುದಿಲ್ಲ, ಎಣಿಸಲು ಅದಕ್ಕೆ ಸಾಧ್ಯವೂ ಇಲ್ಲ.

ಪರಿಹಾರ ಸಣ್ಣದು. ಮಾಸ್ಕ್ ಮುಖದ ಮೇಲೇ ಇರಲಿ, ಪೈಪನ್ನು ಮಾತ್ರ ಮೂಗಿನ ಮುಂದಿನ ಕೊಂಡಿಯಲ್ಲಿ ಬಿಚ್ಚಿ ಹೋಗಿ, ಬಂದು ಸಿಕ್ಕಿಸಿಕೊಳ್ಳಿ ಅಂತ ಹೇಳಿಕೊಟ್ಟೆವು. ಮೊಮ್ಮಗಳು ಕತ್ತಲಲ್ಲೂ ಕೈಗೆ ಸಿಗಲಿ ಅಂತ ಆ ಕೊಂಡಿಗೆ ಒಂದು ಉಲ್ಲನ್ ದಾರ ಸುತ್ತಿದಳು.

ಎರಡನೇ ತಿಂಗಳು ಬಳಕೆ 6 ಗಂಟೆ 20 ನಿಮಿಷ. ಉಳಿಕೆ ತೊಡಕು 4.4. ಅಣ್ಣ ನ್ಯೂಜೆರ್ಸಿಯಿಂದ ಆ್ಯಪಿನಲ್ಲಿ ನೋಡಿ ಗಾಬರಿಯಾಗಿ ಫೋನ್ ಮಾಡಿದ, "ಡಬಲ್ ಆಗಿದೆಯಲ್ಲೇ!" ಆಗಬೇಕಾದ್ದೇ. ಈಗ ಬೆಳಗಿನ ಜಾವವೂ ಲೆಕ್ಕಕ್ಕೆ ಬಂದಿದೆ. ಒತ್ತಡವೂ ಏರಿದೆ. ಮೊದಲ ತಿಂಗಳು ರಾತ್ರಿಯ ಶೇ. 95 ಹೊತ್ತು 8.2 ಸೆಂಟಿಮೀಟರ್ ನೀರಿನ ಒತ್ತಡದ ಒಳಗೇ ಮುಗಿಯುತ್ತಿತ್ತು, ಈಗ ಅದಕ್ಕೆ 10.6 ಬೇಕು. ರೆಮ್‌ನಲ್ಲಿ ಗಂಟಲು ಹಿಡಿಯಲು ಅಷ್ಟು ಬೇಕು. ಯಂತ್ರದ ಲೆಕ್ಕವನ್ನು ಪೂರ್ತಿ ನಂಬದೆ ಎರಡು ರಾತ್ರಿ ಬೆರಳಿಗೆ ಬೇರೆ ಆಕ್ಸಿಮೀಟರ್ ಕಟ್ಟಿಸಿದೆ. ಎಲ್ಲಕ್ಕಿಂತ ಕಡಿಮೆ ಬಂದದ್ದು 89.

ಮೂತ್ರಕ್ಕೆ ಏಳುವುದು ಮೂರರಿಂದ ಒಂದಕ್ಕೆ ಇಳಿದಿದೆ. ಮುಚ್ಚಿದ ಗಂಟಲಿನ ವಿರುದ್ಧ ಎಳೆಯುವಾಗ ಎದೆಯೊಳಗಿನ ಒತ್ತಡ ಕುಸಿದು, ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂದುಕೊಂಡು ಅದು ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುತ್ತದೆ. ಮೂರು ವರ್ಷ ಮೂತ್ರಪರೀಕ್ಷೆ ಮಾಡಿಸಿದ್ದು ಗಂಟಲಿನ ತಪ್ಪಿಗೆ. ತಲೆನೋವು ವಾರಕ್ಕೊಮ್ಮೆ ಬಂದರೆ ಹೆಚ್ಚು. ಬಿಪಿ ಮಾತ್ರ ಸ್ವಲ್ಪವೇ ಇಳಿದಿದೆ, ಮಾತ್ರೆ ಮೂರೂ ಹಾಗೇ ಇವೆ. ಸಿಪ್ಯಾಪಿನಿಂದ ಬಿಪಿ ಇಳಿಯುವುದು ಸರಾಸರಿ ಎರಡು ಮೂರು ಅಂಕಿಯಷ್ಟೇ. ಇದನ್ನು ಮೊದಲೇ ಹೇಳಿದ್ದಕ್ಕೆ ಅವರಿಗೆ ಬೇಜಾರಾಗಲಿಲ್ಲ.

ಕಳೆದ ತಿಂಗಳ ಪಟ್ಟಿಯಲ್ಲಿ ಐದು ರಾತ್ರಿ ಖಾಲಿ. ಅರಸೀಕೆರೆಯಲ್ಲಿ ಮದುವೆ, ಯಂತ್ರ ಒಯ್ದಿರಲಿಲ್ಲ. "ಛತ್ರದಲ್ಲಿ ಅದನ್ನ ಹಾಕ್ಕೊಂಡು ಮಲಗಿದ್ರೆ ಹುಡುಗ್ರು ಹೆದರ್ಕೊಳ್ಳಲ್ವಾ?" ಅಂದರು. ತೂಕ ನಾಲ್ಕು ಕಿಲೋ ಇಳಿದಿದೆ. ಮುಂಗಾರು ಬಿದ್ದು ತೋಟದ ಕೆಲಸ ಮುಗಿದ ಮೇಲೆ ಇನ್ನೊಂದು ಸಲ ಬರುವುದಾಗಿ ಒಪ್ಪಿದ್ದಾರೆ. ಈ ಸಲ ಬೆನ್ನಿಗೆ ದಿಂಬು ಕಟ್ಟಿ, ಇಡೀ ರಾತ್ರಿ ಎಡಮಗ್ಗುಲಲ್ಲೇ ಮಲಗಿಸಿ ಅಳೆಯಬೇಕು. ನನ್ನ 20 ಸರಿಯಾ ಅಂತ ಆಗ ಗೊತ್ತಾಗುತ್ತದೆ. ಮೂಗುಬೊಟ್ಟು ಬಿಚ್ಚಿಟ್ಟು ಬನ್ನಿ ಅಂದಿದ್ದೇನೆ. ಎಣ್ಣೆಯ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.